ಅಂಡಮಾನಿನಿಂದ ಬಂದ ಶಂಖ

ಲಿಂಗಸೂಗೂರಿನ ನೀಲಾಂಬಿಕಾ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದಲು ಬೆಂಗಳೂರಿಗೆ ಬಂದು ಒಂದು ವರ್ಷವಾಗಿತ್ತು. ರಜೆಗೆ ಊರಿಗೆ ಹೋಗದೆ ಮಹಾಲಕ್ಷ್ಮಿ ಲೇಔಟಿನ ‘ನೀಲಿ ಅಂಗಳ’ ಎಂಬ ಬೇಸಿಗೆ ಶಿಬಿರದಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್‌ಗೆ ಸೇರಿಕೊಂಡಳು. ಮಕ್ಕಳಿಗೆ ಸಮುದ್ರದ ಜೀವಿಗಳ ಬಗ್ಗೆ ಹೇಳಿಕೊಡುವ ಶಿಬಿರ ಅದು. ನಿವೃತ್ತ ಜೀವಶಾಸ್ತ್ರ ಮೇಷ್ಟ್ರು ಯೋಗಾನಂದ ತಮ್ಮ ಮನೆಯ ನೆಲಮಹಡಿಯಲ್ಲೇ ಅದನ್ನು ನಡೆಸುತ್ತಿದ್ದರು. ಮೂರು ಗಾಜಿನ ತೊಟ್ಟಿಗಳು, ಪ್ಯಾಕೆಟ್ ಉಪ್ಪು ಕಲಸಿ ಮಾಡಿದ ಕಡಲ ನೀರು, ಅದರಲ್ಲಿ ಎರಡು ನಕ್ಷತ್ರಮೀನು, ಒಂದಿಷ್ಟು ಬಣ್ಣದ ಮೀನು, ಶಂಖ ಹೊತ್ತು ಓಡಾಡುವ ಒಂದು ಏಡಿ.

ನೀಲಾಂಬಿಕಾ ದಿನಾ ಬೆಳಿಗ್ಗೆ ಹೊಸಹಳ್ಳಿಯ ಪಿ.ಜಿ.ಯಿಂದ ಮೆಟ್ರೋ ಹಿಡಿದು, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಒಂಬತ್ತಕ್ಕೆ ಮುಂಚೆ ಬಂದು ತೊಟ್ಟಿಯ ನೀರಿನ ಉಪ್ಪು ಅಳೆಯುತ್ತಿದ್ದಳು. ಆಮೇಲೆ ಹನ್ನೆರಡು ಮಕ್ಕಳು. ಶಿಬಿರ ಮುಗಿದ ಮೇಲೆ ಯೋಗಾನಂದ ಸರ್ ಒಂದು ಶಿಫಾರಸು ಪತ್ರ ಕೊಡುವವರಿದ್ದರು. ಮುಂದಿನ ವರ್ಷ ಕರಾವಳಿಯ ಯಾವುದಾದರೂ ಸಂಶೋಧನಾ ಕೇಂದ್ರಕ್ಕೆ ಸೇರಬೇಕಾದರೆ ಆ ಪತ್ರ ಬೇಕಿತ್ತು. ಹಾಗಾಗಿ ಸರ್ ಹೇಳಿದ್ದಕ್ಕೆ ಅವಳು ಎದುರಾಡುತ್ತಿರಲಿಲ್ಲ.

ಏಪ್ರಿಲ್ ಮೂರನೇ ವಾರದ ಒಂದು ಮಂಗಳವಾರ ಮಕ್ಕಳೆಲ್ಲ ವೃತ್ತಾಕಾರವಾಗಿ ನಿಂತು ಹಾಡು ಹೇಳುತ್ತಿದ್ದರು. ಒಂದು ವಾರ ರಜೆ ಹಾಕಿದ್ದ ಎಂಟು ವರ್ಷದ ಸ್ಪಂದನ ಅಂದು ವಾಪಸ್ ಬಂದಿದ್ದಳು. ಎಲ್ಲರೂ ಕೈ ತಟ್ಟುತ್ತಿದ್ದರೆ ಅವಳೊಬ್ಬಳು ಬಲಗೈ ಮುಷ್ಟಿ ಬಿಚ್ಚಿರಲಿಲ್ಲ. ಹಾಡು ಮುಗಿದದ್ದೇ ನೀಲಾಂಬಿಕಾಳ ಹತ್ತಿರ ಓಡಿಬಂದಳು.

“ಮಿಸ್, ಅಂಡಮಾನ್‌ಗೆ ಹೋಗಿದ್ವಲ್ಲ, ನೆನ್ನೆ ಸಂಜೆ ಬಂದ್ವಿ. ನಿಮಗೇಂತ ಒಂದು ತಂದಿದೀನಿ. ಬಾಟ್ಲಲ್ಲಿ ಸಮುದ್ರದ ನೀರು ಹಾಕಿ ಬಚ್ಚಿಟ್ಕೊಂಡು ಬಂದೆ. ಅಮ್ಮಂಗೆ ಗೊತ್ತಿಲ್ಲ.”

ಮುಷ್ಟಿ ಬಿಚ್ಚಿದಳು. ಅಂಗೈ ಮೇಲೆ ಒಂದು ಶಂಖವಿತ್ತು. ಮಗುವಿನ ಅಂಗೈ ಉದ್ದ, ಐಸ್‌ಕ್ರೀಮ್ ಕೋನಿನ ಆಕಾರ, ಬಿಳಿಯ ಮೇಲೆ ಕಂದು ಬಣ್ಣದ ಬಲೆಯಂಥ ಗೆರೆಗಳು. ನೀಲಾಂಬಿಕಾ ನೋಡುತ್ತಿದ್ದಂತೆಯೇ ಅದರ ಚೂಪು ತುದಿಯಿಂದ ತೆಳ್ಳನೆಯ ಕೊಳವೆಯೊಂದು ಹೊರಗೆ ಇಣುಕಿ ಒಳಗೆ ಹೋಯಿತು.

ಕೋನ್ ಬಸವನಹುಳು. ಪುಸ್ತಕದಲ್ಲಿ ನೋಡಿದ್ದಳು, ಪರೀಕ್ಷೆಯಲ್ಲಿ ಚಿತ್ರ ಬರೆದಿದ್ದಳು. ಮೀನನ್ನು ಚುಚ್ಚಿ ಬೀಳಿಸುವ ಸೂಜಿ ಅದರ ಬಾಯಲ್ಲಿರುತ್ತದೆ. ಮನುಷ್ಯರನ್ನೂ ಕೊಂದದ್ದುಂಟು.

“ಸ್ಪಂದನ, ಪುಟ್ಟಾ, ಅದನ್ನ ಮೇಜಿನ ಮೇಲೆ ಇಡು. ಮೆಲ್ಲಕ. ಗಟ್ಟಿ ಹಿಡೀಬ್ಯಾಡ.”

“ಯಾಕೆ ಮಿಸ್? ಚೆನ್ನಾಗಿಲ್ವಾ?”

“ಭಾಳ ಚೆಂದ ಐತಿ. ಮೊದ್ಲು ಇಡು.”

ಮಗು ಇಟ್ಟಿತು. ನೀಲಾಂಬಿಕಾ ಪಕ್ಕದಲ್ಲಿದ್ದ ಸ್ಟೀಲ್ ಪಾತ್ರೆಯನ್ನು ಅದರ ಮೇಲೆ ಬೋರಲು ಹಾಕಿ ಮಕ್ಕಳನ್ನೆಲ್ಲ ಗೋಡೆಯ ಕಡೆಗೆ ಸರಿಸಿದಳು. ಆಮೇಲೆ ಮಂಡಿಯೂರಿ ಸ್ಪಂದನಳ ಕೈ ಹಿಡಿದಳು.

“ಅದು ನಿಂಗ ಚುಚ್ಚಿತಾ?”

“ಚುಚ್ಚಿದ ಹಾಗಾಯ್ತು ಮಿಸ್, ಹಾಡು ಹೇಳ್ವಾಗ. ಸ್ವಲ್ಪಾನೇ. ನೋವೇನಿಲ್ಲ.”

ಹೆಬ್ಬೆರಳಿನ ಬುಡದಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆ ಇತ್ತು.

ಒಳಗಿನಿಂದ ಬಂದ ಯೋಗಾನಂದ ಕನ್ನಡಕ ಮೇಲೇರಿಸಿ ಚುಕ್ಕೆ ನೋಡಿದರು. “ಸೊಳ್ಳೆ ಕಣಮ್ಮ. ನೋವೇ ಇಲ್ಲ ಅಂತಿದಾಳಲ್ಲ.”

“ಇಲ್ರೀ ಸರ. ಇದ್ರಾಗ ನೋವು ಆಗ್ಲೇಬೇಕಂತ ಇಲ್ಲ. ಈಗಿಂದೀಗ ದವಾಖಾನಿಗೆ ಕರ್ಕೊಂಡು ಹೋಗಬೇಕ್ರಿ.” ಬೆಂಗಳೂರಿಗೆ ಬಂದ ಮೇಲೆ ಜೋಪಾನವಾಗಿ ಕಲಿತ ಮಾತು ಅವಳ ಬಾಯಿಂದ ಎಲ್ಲೋ ಹೊರಟುಹೋಗಿತ್ತು.

“ಹತ್ತು ನಿಮಿಷ ನೋಡೋಣ. ಸುಮ್ನೆ ಮಕ್ಕಳನ್ನ ಹೆದರಿಸ್ಬೇಡ. ಪೇರೆಂಟ್ಸ್‌ಗೆ ಗೊತ್ತಾದ್ರೆ ನಾಳೆಯಿಂದ ಒಬ್ರೂ ಕಳಿಸಲ್ಲ.”

ಸರ್ ಮೂವತ್ತು ವರ್ಷ ಪಾಠ ಮಾಡಿದವರು, ನೀಲಾಂಬಿಕಾ ಆ ಪ್ರಾಣಿಯನ್ನು ಜೀವಂತ ಕಂಡದ್ದೇ ಐದು ನಿಮಿಷದ ಹಿಂದೆ. ಸೊಳ್ಳೆಯೇ ಇರಬಹುದು. ಅಲ್ಲದಿದ್ದರೆ? ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಎರಡು ಸುತ್ತು ಹಾಕುವವರೆಗೆ ಅವಳು ಮಗುವಿನ ಮುಖವನ್ನೇ ನೋಡುತ್ತ ನಿಂತಳು. ಆ ಎರಡು ನಿಮಿಷಕ್ಕಾಗಿ ಆಮೇಲೆ ಬಹಳ ದಿನ ತನ್ನನ್ನೇ ಬೈದುಕೊಂಡಳು.

“ಮಿಸ್, ತುಟಿ ಜುಮ್ ಅಂತಿದೆ,” ಎಂದಳು ಸ್ಪಂದನ.

ನೀಲಾಂಬಿಕಾ ಮತ್ತೆ ಯಾರನ್ನೂ ಕೇಳಲಿಲ್ಲ. ವೇಲು ತೆಗೆದು ಮಗುವಿನ ಬೆರಳಿನಿಂದ ಮೊಣಕೈವರೆಗೆ ಬಿಗಿಯಾಗಿ ಸುತ್ತಿ, ಕೈ ಅಲುಗಾಡದಂತೆ ಒಂದು ಮರದ ಸ್ಕೇಲು ಸೇರಿಸಿ ಕಟ್ಟಿದಳು. “ಸರ, ಆ ಪಾತ್ರಿ ಯಾರೂ ಎತ್ತಬಾರದು. ಇವರಪ್ಪ ಅಮ್ಮಗ ಫೋನ್ ಮಾಡ್ರಿ,” ಎಂದವಳೇ ಮಗುವನ್ನು ಎತ್ತಿಕೊಂಡು ಚಪ್ಪಲಿಯಿಲ್ಲದೆ ಬೀದಿಗೆ ಓಡಿದಳು.

ಮೂಲೆಯ ಆಟೋ ಸ್ಟ್ಯಾಂಡಿನಲ್ಲಿ ಮುನಿಯಣ್ಣ ಎಂಬ ವಯಸ್ಸಾದ ಡ್ರೈವರು ಗಾಡಿ ಒರೆಸುತ್ತಿದ್ದ. ಕೇಳದೆಯೇ ಹತ್ತಿ ಕೂತಳು. “ಅಣ್ಣಾರ, ರಾಜಾಜಿನಗರಕ್ಕ, ದೊಡ್ಡ ದವಾಖಾನಿಗೆ. ಐಸಿಯು ಇರೋದಕ್ಕ.” ಮಗುವಿನ ಮುಖ ನೋಡಿ ಅವನು ಬಟ್ಟೆ ಬಿಸಾಕಿ ಕಿಕ್ ಹೊಡೆದ.

ಆಟೋದಲ್ಲಿ ಸ್ಪಂದನ ಮೊದಲು ಚೆನ್ನಾಗಿಯೇ ಮಾತಾಡಿದಳು. ಬಾಟಲಿಯನ್ನು ಸೂಟ್‌ಕೇಸಿನಲ್ಲಿ ಟವೆಲಿನೊಳಗೆ ಸುತ್ತಿಟ್ಟದ್ದು, ವಿಮಾನದಲ್ಲಿ ಕಿವಿ ನೋವು ಬಂದದ್ದು. ಆಮೇಲೆ, “ಮಿಸ್, ಎಲ್ಲಾ ಎರಡೆರಡು ಕಾಣ್ತಿದೆ,” ಎಂದಳು. ಅಮ್ಮನ ಹತ್ತಿರ ಹೋಗಬೇಕೆಂದು ಅಳಲು ಶುರುಮಾಡಿದಳು, ಆದರೆ ಅಳು ಸರಿಯಾಗಿ ಹೊರಡಲಿಲ್ಲ. ಮಾತು ತೊದಲಿತು. ರೆಪ್ಪೆಗಳು ನಿದ್ದೆ ಬಂದವರಂತೆ ಅರ್ಧ ಇಳಿದವು.

ಡಾ. ರಾಜಕುಮಾರ್ ರಸ್ತೆಯಲ್ಲಿ ಅರ್ಧ ರಸ್ತೆ ಅಗೆದು ಪೈಪು ಹಾಕುತ್ತಿದ್ದರು. ನವರಂಗ್ ಸರ್ಕಲ್ ಇನ್ನೂ ದೂರವಿರುವಾಗಲೇ ಗಾಡಿಗಳು ನಿಂತುಬಿಟ್ಟಿದ್ದವು. ಮುಂದೆ ಬಸ್ಸು, ಪಕ್ಕದಲ್ಲಿ ಸಿಮೆಂಟಿನ ಲಾರಿ. ನೀಲಾಂಬಿಕಾ ಮಗುವಿನ ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸುತ್ತಿದ್ದಳು. ಎದೆ ಏಳುವುದು ಕಡಿಮೆಯಾಗುತ್ತ ಬಂದು, ಕೊನೆಗೆ ಅಂಗೈಗೆ ಗೊತ್ತೇ ಆಗದಷ್ಟಾಯಿತು. ತುಟಿ ನೀಲಿಗಟ್ಟಿತು.

ಡಿಗ್ರಿಯಲ್ಲಿದ್ದಾಗ ಎನ್‌ಎಸ್‌ಎಸ್ ಶಿಬಿರದಲ್ಲಿ ಒಂದು ಪ್ಲಾಸ್ಟಿಕ್ ಗೊಂಬೆಯ ಬಾಯಿಗೆ ಉಸಿರು ಊದಿ ಗೆಳತಿಯರೊಂದಿಗೆ ನಕ್ಕಿದ್ದಳು. ಕಲಿತದ್ದು ಅಷ್ಟೇ. ತಪ್ಪಾದರೆ ಏನು ಗತಿ? ಆದರೂ ಮಗುವನ್ನು ಸೀಟಿನ ಮೇಲೆ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು ಊದಿದಳು. ಎದೆ ಏಳಲಿಲ್ಲ. ಗದ್ದವನ್ನು ಇನ್ನಷ್ಟು ಎತ್ತಿ ಮತ್ತೆ ಊದಿದಳು. ಈ ಸಲ ಹಸಿರು ಫ್ರಾಕಿನ ಗುಂಡಿಗಳು ಮೇಲೆದ್ದು ಇಳಿದವು.

ಮುನಿಯಣ್ಣ ಕೆಳಗಿಳಿದು ಬಸ್ಸಿನ ಮೈ ಬಡಿದು ಕೂಗುತ್ತಿದ್ದ. “ದಾರಿ ಬಿಡ್ರೋ! ಮಗು ಸಾಯ್ತಾ ಇದೆ ಇಲ್ಲಿ!”

“ಹಂಗನ್ನಬ್ಯಾಡ್ರಿ!” ನೀಲಾಂಬಿಕಾ ಕಿರುಚಿದಳು. “ಆಕಿಗೆ ಕೇಳಸ್ತದ!”

ನಿಜವಾಗಿಯೂ ಕೇಳಿಸುತ್ತದೆ ಎಂದು ಓದಿದ್ದಳು. ಈ ವಿಷ ಮೈಯನ್ನು ಕಟ್ಟಿಹಾಕುತ್ತದೆ, ಎಚ್ಚರ ಉಳಿದಿರಬಹುದು. ಮುಚ್ಚಿದ ರೆಪ್ಪೆಯ ಹಿಂದೆ ಆ ಮಗು ಎಲ್ಲವನ್ನೂ ಕೇಳುತ್ತ ಒಬ್ಬಳೇ ಇದ್ದಾಳೆ ಎಂಬ ಯೋಚನೆ ಬಂದಾಗ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು. ಪ್ರತಿ ಸಲ ಊದಿದ ಮೇಲೂ ಮಗುವಿನ ಕಿವಿಯ ಹತ್ತಿರ ಹೇಳಿದಳು. “ನಾ ಇಲ್ಲೇ ಅದೀನಿ ಪುಟ್ಟಾ. ನಿನ್ನ ಸಲುವಾಗಿ ನಾ ಉಸಿರಾಡ್ತೀನಿ. ನೀ ಸುಮ್ನ ಮಲಗು.”

ಬಸ್ಸಿನವನು ಒಂದಿಷ್ಟು ಸರಿದ. ಇಬ್ಬರು ಡೆಲಿವರಿ ಹುಡುಗರು ಬೈಕು ನಿಲ್ಲಿಸಿ ಫುಟ್‌ಪಾತಿನ ಮೇಲಿದ್ದ ಬ್ಯಾರಿಕೇಡು ಎಳೆದರು. ಮುನಿಯಣ್ಣ ಆಟೋವನ್ನು ಫುಟ್‌ಪಾತ್ ಹತ್ತಿಸಿ, ಎಳನೀರಿನ ಗಾಡಿಯೊಂದನ್ನು ಸವರಿಕೊಂಡು ಓಡಿಸಿದ. ನೀಲಾಂಬಿಕಾ ತಲೆ ಎತ್ತಲಿಲ್ಲ. ಎಷ್ಟು ಹೊತ್ತು ಊದಿದಳೋ ಅವಳಿಗೆ ಗೊತ್ತಾಗಲಿಲ್ಲ. ಕಣ್ಣು ಕತ್ತಲಿಡುತ್ತಿತ್ತು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮಧುಕುಮಾರ್ ಎಂಬ ಚಿಕ್ಕ ವಯಸ್ಸಿನ ವೈದ್ಯರಿದ್ದರು. ಮಗುವಿನ ಮುಖಕ್ಕೆ ಮಾಸ್ಕ್ ಹಿಡಿದು ಗಾಳಿಯ ಚೀಲ ಒತ್ತುತ್ತಲೇ ಕೇಳಿದರು. “ಏನಾಯ್ತು?”

“ಶಂಖದೊಳಗಿನ ಹುಳ ಚುಚ್ಚಿತ್ರಿ ಡಾಕ್ಟರ.”

“ಶಂಖನಾ? ಬೆಂಗಳೂರಲ್ಲಾ?” ಅವರ ಮುಖದಲ್ಲಿ ಅಪನಂಬಿಕೆ.

ನೀಲಾಂಬಿಕಾ ಒಂದು ಕ್ಷಣ ಕಣ್ಣು ಮುಚ್ಚಿ ಮಾತು ಜೋಡಿಸಿಕೊಂಡಳು. “ನಾಗರಹಾವು ಕಚ್ಚಿದ್ರೆ ಮೈ ಸ್ವಾಧೀನ ತಪ್ಪಿ ಉಸಿರು ನಿಲ್ತದಲ್ರೀ, ಹಂಗೇ. ಆದ್ರ ಇದಕ್ಕ ಆಂಟಿವೆನಮ್ ಇಲ್ಲ. ವಿಷ ಇಳಿಯೋತನಕ ವೆಂಟಿಲೇಟರ್ ಇಟ್ರ ಆಕಿ ಬದುಕ್ತಾಳ. ಬದುಕ್ತಾಳ್ರಿ.”

ಅವರು ಸ್ಪಂದನಳ ರೆಪ್ಪೆ ಎತ್ತಿ ಟಾರ್ಚು ಬಿಟ್ಟು ನೋಡಿದರು. “ಟ್ಯೂಬ್ ರೆಡಿ ಮಾಡಿ,” ಎಂದು ನರ್ಸಿಗೆ ಕೂಗಿದರು. ಪರದೆ ಎಳೆದರು.

ಅರ್ಧ ಗಂಟೆಯಲ್ಲಿ ಸ್ಪಂದನಳ ತಾಯಿ ರಮ್ಯ ಬಂದಳು. ಗಾಜಿನಾಚೆ ಮಗುವಿನ ಬಾಯಲ್ಲಿದ್ದ ಕೊಳವೆ ನೋಡಿದ್ದೇ ತಿರುಗಿ ನೀಲಾಂಬಿಕಾಳ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. “ಏನ್ ಮಾಡಿದ್ರಿ ನನ್ ಮಗೂಗೆ? ನಿಮ್ಮನ್ನ ನಂಬಿ ಕಳಿಸಿದ್ವಲ್ಲ!” ಶಂಖವನ್ನು ಮಗುವೇ ತಂದದ್ದು ಎಂದು ಹೇಳಲು ನೀಲಾಂಬಿಕಾಳಿಗೆ ಬಾಯಿ ಬರಲಿಲ್ಲ.

ಮಿಕ್ಕ ಮಕ್ಕಳನ್ನು ಮನೆ ಸೇರಿಸಿ ಬಂದ ಯೋಗಾನಂದ ಬಾಗಿಲಲ್ಲೇ ನಿಂತಿದ್ದರು. ನಿಧಾನವಾಗಿ ಹತ್ತಿರ ಬಂದರು. “ಬೈಯೋದಿದ್ರೆ ನನ್ನ ಬೈಯಮ್ಮ. ಕಾಯೋಣ ಅಂದೋನು ನಾನು. ಈ ಹುಡುಗಿ ನನ್ನ ಮಾತು ಕೇಳಿದ್ದಿದ್ರೆ ನಿನ್ನ ಮಗಳು ಇಲ್ಲೀವರೆಗೂ ಬರ್ತಿರ್ಲಿಲ್ಲ.” ಅಷ್ಟು ಹೇಳಿ ಬೆಂಚಿನ ಮೇಲೆ ಕೂತುಬಿಟ್ಟರು.

ಆ ದಿನ ಏನೂ ಬದಲಾಗಲಿಲ್ಲ. ಮರುದಿನವೂ ಮಧ್ಯಾಹ್ನದವರೆಗೆ ಯಂತ್ರವೇ ಉಸಿರಾಡಿತು. ವಿಷ ಇಳಿಯುತ್ತದೆ ಎಂದು ಎಲ್ಲರಿಗೂ ಧೈರ್ಯ ಹೇಳಿದ ನೀಲಾಂಬಿಕಾಳಿಗೆ ಈಗ ತಾನು ಓದಿದ್ದೆಲ್ಲ ಸುಳ್ಳಿರಬಹುದೇ ಎಂಬ ಅನುಮಾನ ಹತ್ತಿತು. ಪಿ.ಜಿ.ಗೆ ಹೋಗಿ ಸ್ನಾನ ಮಾಡಿ ಮತ್ತೆ ಬಂದು ಅದೇ ಗಾಜಿನ ಮುಂದೆ ನಿಂತಳು. ಮೂರು ಗಂಟೆಯ ಹೊತ್ತಿಗೆ ನರ್ಸ್ ಡಾಕ್ಟರನ್ನು ಕೂಗಿದಳು. ಸ್ಪಂದನಳ ಎಡಗಾಲಿನ ಬೆರಳು ಅಲುಗಿತ್ತು.

ಗುರುವಾರ ಕೊಳವೆ ತೆಗೆದರು. ಗಂಟಲು ಕಟ್ಟಿದ್ದ ಸ್ಪಂದನ ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು, “ನಂಗೆ ಎಲ್ಲಾ ಕೇಳಿಸ್ತಿತ್ತು. ಮಿಸ್ ಮಾತಾಡ್ತಾನೇ ಇದ್ರು.” ರಮ್ಯ ಎದ್ದು ಹೊರಗೆ ಬಂದು ನೀಲಾಂಬಿಕಾಳನ್ನು ತಬ್ಬಿಕೊಂಡು ಅತ್ತಳು.

ಶಿಬಿರ ಎರಡು ವಾರ ಮುಚ್ಚಿತ್ತು. ಮೇ ತಿಂಗಳಲ್ಲಿ ತೆರೆದಾಗ ಬಂದದ್ದು ನಾಲ್ಕೇ ಮಕ್ಕಳು. ಯೋಗಾನಂದ ಸರ್ ಆ ಪ್ರಾಣಿಯನ್ನು ಸ್ಪಿರಿಟ್ ತುಂಬಿದ ಜಾಡಿಯಲ್ಲಿ ಹಾಕಿಟ್ಟಿದ್ದರು. ಮೊದಲ ಪಾಠ ಇದರದೇ ಆಗಲಿ ಎಂದು ನೀಲಾಂಬಿಕಾಳೇ ಕೇಳಿಕೊಂಡಳು. ಸತ್ತದ್ದೆಂದು ಗೊತ್ತಿದ್ದೂ ಅವಳು ಜಾಡಿಯನ್ನು ಮೈಯಿಂದ ದೂರ ಹಿಡಿದೇ ಎತ್ತಿದಳು. ಎದುರಿಗೆ ಕೂತ ಒಬ್ಬಳು ಅದನ್ನು ನೋಡಿ ಕೇಳಿದಳು.

“ಮಿಸ್, ನಿಮಗೆ ಭಯಾನಾ?”

“ಹೌದು, ಭಯ ಆಗ್ತದ,” ಎಂದು ಅವಳು ಜಾಡಿಯನ್ನು ಮಕ್ಕಳ ನಡುವೆ ಇಟ್ಟಳು. “ಬರ್ರಿ, ಹತ್ತಿರ ಬಂದು ನೋಡ್ರಿ. ಸೂಜಿ ಎಲ್ಲಿಂದ ಬರ್ತದ ಅಂತ ತೋರಿಸ್ತೀನಿ.”