ಮೊದಲ ಲೇಖನದ ಮೇಲೊಂದು ಕಪ್ಪು ಗೆರೆ

ಹೆಸರು ಮುಚ್ಚುವುದು ನಮ್ಮ ಹೊಸ ಸಂಶೋಧನಾ ಪತ್ರಿಕೆಯಲ್ಲಿ ಕಾರ್ಯನಿರ್ವಾಹಕ ಸಂಪಾದಕಿಯಾದ ನನ್ನ ಪಾಲಿಗೆ ಬಂದ ಕೆಲಸ. ಲೇಖನ ಬಂದ ಕೂಡಲೇ ಬರೆದವರ ಹೆಸರಿನ ಮೇಲೆ ದಪ್ಪ ಕಪ್ಪು ಗೆರೆ ಎಳೆದು, ಆ ಪ್ರತಿಯನ್ನು ಇಬ್ಬರು ಪರಿಶೀಲಕರಿಗೆ ಕಳಿಸಬೇಕು. ಯಾರು ಬರೆದದ್ದೆಂದು ತಿಳಿಯದೆ ಅವರು ತೂಗಿ ನೋಡಬೇಕು. ಪದ್ಧತಿಯೇನೋ ಚೆನ್ನಾಗಿದೆ. ಆದರೆ ಲೈಂಗಿಕತೆ ಮತ್ತು ಲಿಂಗ ವೈವಿಧ್ಯದ ಮನೋವಿಜ್ಞಾನದಲ್ಲಿ ಕೆಲಸ ಮಾಡುವವರು ನಮ್ಮಲ್ಲಿ ಇರುವುದೇ ಇಪ್ಪತ್ತು ಮೂವತ್ತು ಮಂದಿ. ಅವರಲ್ಲಿ ಅರ್ಧದಷ್ಟು ಜನ ಯಾವುದೋ ಕಾಲದಲ್ಲಿ ಇನ್ನರ್ಧದವರನ್ನು ಪ್ರೀತಿಸಿ ಬಿಟ್ಟವರು. ಒಬ್ಬ ಪರಿಶೀಲಕರು ಹೀಗೆ ಬರೆದು ಕಳಿಸಿದ್ದರು: "ಲೇಖಕರು ಯಾರೆಂದು ನನಗೆ ತಿಳಿಯದು. ಆದರೆ ಈತ ಎದುರಿನವರ ಮಾತು ಕೇಳಿಸಿಕೊಳ್ಳದಿರುವುದು ಹೊಸದೇನಲ್ಲ."

ಪ್ರಧಾನ ಸಂಪಾದಕಿ ನಿವೃತ್ತಿಯ ಅಂಚಿನಲ್ಲಿರುವ ಪ್ರಾಧ್ಯಾಪಕಿ. ಷರತ್ತು ಸೇರಿಸದೆ ಯಾವ ಮಾತನ್ನೂ ಮುಗಿಸುವವರಲ್ಲವಾದ್ದರಿಂದ ಬೆನ್ನ ಹಿಂದೆ ನಾವು ಅವರನ್ನು ಅಡಿಟಿಪ್ಪಣಿ ಮೇಡಂ ಎನ್ನುತ್ತೇವೆ.

ಮೊದಲ ಸಂಚಿಕೆಯ ಮೊದಲ ಲೇಖನ ನನ್ನ ಸಂಗಾತಿಯದು. ಊರಿಗೆಲ್ಲ 'ಗೆಳತಿಯರು' ಎಂದೇ ಹೇಳಿಕೊಂಡು ಒಟ್ಟಿಗೆ ಮುದುಕಿಯರಾದ ಜೋಡಿಗಳನ್ನು ಆರು ವರ್ಷ ಹುಡುಕಿ, ಮಾತಾಡಿಸಿ ಬರೆದದ್ದು. ಅದನ್ನು ಆರಿಸುವಾಗ ನನ್ನನ್ನು ಹೊರಗೆ ಕೂರಿಸಿದ್ದರು. ಆದರೂ ನಮ್ಮ ಸಂಬಂಧವನ್ನು ಕೊನೆಯ ಪುಟದಲ್ಲಿ ಒಂದು ಸಾಲಿನಲ್ಲಿ ಓದುಗರಿಗೆ ತಿಳಿಸಲೇಬೇಕು ಎಂದರು ಅಡಿಟಿಪ್ಪಣಿ ಮೇಡಂ. ಅದು ನಿಯಮ.

ಆ ಒಂದು ಸಾಲನ್ನು ಹನ್ನೊಂದು ಸಲ ಬರೆದೆ. ಕಾರಣ ಅಮ್ಮ. ನಾವಿಬ್ಬರೂ ಒಂಬತ್ತು ವರ್ಷದಿಂದ ಒಂದೇ ಮನೆಯಲ್ಲಿದ್ದರೂ ಅಮ್ಮನ ದೃಷ್ಟಿಯಲ್ಲಿ ಅವಳು ಬಾಡಿಗೆ ಹಂಚಿಕೊಳ್ಳುವ ಗೆಳತಿ. ಪತ್ರಿಕೆಯ ಹೆಸರಿನಲ್ಲೂ ನಾನು ಮೊದಲಿನ 'ಲೈಂಗಿಕತೆ ಮತ್ತು ಲಿಂಗ ವೈವಿಧ್ಯ' ಬಿಟ್ಟು, 'ಮನೋವಿಜ್ಞಾನ' ಎಂಬ ಬಾಲವಷ್ಟೇ ಹೇಳಿದ್ದೆ. "ಮಗಳು ಪತ್ರಿಕೆ ತರ್ತಾಳೆ ಅಂದ್ರೆ ನಾನು ಬರದೇ ಇರ್ತೀನಾ?" ಎಂದು ಬಿಡುಗಡೆಗೆ ಹತ್ತು ದಿನ ಮೊದಲೇ ಬ್ಯಾಗು ಹಿಡಿದು ಬಂದಿಳಿದಳು.

'ಕಾರ್ಯನಿರ್ವಾಹಕ ಸಂಪಾದಕಿಗೂ ಮೊದಲ ಲೇಖನದ ಲೇಖಕಿಗೂ ಪರಿಚಯವಿದೆ' ಎಂಬುದು ಹನ್ನೊಂದನೆಯ ಕರಡು. ಸಂಗಾತಿ ಅಡುಗೆಮನೆಯಲ್ಲಿ ನಿಂತು ಓದಿದಳು.

"ಪರಿಚಯನಾ? ಒಂಬತ್ತು ವರ್ಷಕ್ಕೆ ಪರಿಚಯದ ತನಕ ಬಂದ್ವಲ್ಲ, ಪರವಾಗಿಲ್ಲ. ಇನ್ನೊಂದು ಹತ್ತು ವರ್ಷ ಬಿಟ್ಟು ನನ್ನ ಹೆಸರೂ ಕೇಳು."

"ಮೆಲ್ಲಗೆ ಮಾತಾಡೇ. ಅಮ್ಮ ಹಾಲ್‌ನಲ್ಲಿದ್ದಾಳೆ."

"ಗೊತ್ತಲ್ಲ. ಅದಕ್ಕೇ ತಾನೇ ಈ ಸಾಲು ಹೀಗಿರೋದು."

ಊಟದ ಮೇಜೇ ನನ್ನ ಕಚೇರಿ. ಅಮ್ಮ ಆಗಾಗ ಹೆಗಲ ಹಿಂದೆ ನಿಂತು, "ಏನೇ ಇದು, ಇಷ್ಟು ಸಣ್ಣಕ್ಷರ, ಕಣ್ಣು ಹೋಗುತ್ತೆ" ಎಂದು ಇಣುಕುತ್ತಿದ್ದಳು. ಅಂಥ ಲೇಖನದ ನೆತ್ತಿಯ ಮೇಲೆ ಸಂಗಾತಿಯ ಹೆಸರು ಕಂಡರೆ ಎರಡನ್ನೂ ಕೂಡಿಸಿ ನೋಡಿಯಾಳೆಂದು ಹೆದರಿ, ಕೊನೆಯ ತಿದ್ದುಪಡಿಗಳನ್ನೆಲ್ಲ ಹೆಸರು ಮುಚ್ಚಿದ ಪ್ರತಿಯಲ್ಲೇ ಮಾಡಿದೆ. ಅಚ್ಚಿಗೆ ಕಳಿಸುವ ಮುನ್ನ ಗೆರೆ ತೆಗೆದರಾಯಿತು ಎಂದುಕೊಂಡೆ. ಅಲ್ಪವಿರಾಮಗಳನ್ನು ಮೂರು ಸಲ ನೋಡಿದೆ. ಗೆರೆಯನ್ನು ನೋಡಲಿಲ್ಲ.

ಬಿಡುಗಡೆಯ ಬೆಳಿಗ್ಗೆ ಮುದ್ರಕ ಮುನ್ನೂರು ಪ್ರತಿಗಳ ಕಟ್ಟುಗಳನ್ನು ನೇರ ಸಭಾಂಗಣಕ್ಕೇ ತಂದಿಳಿಸಿದ. ಒಂದನ್ನು ತೆರೆದೆ. ಶೀರ್ಷಿಕೆಯ ಕೆಳಗೆ, ಲೇಖಕಿಯ ಹೆಸರಿರಬೇಕಾದ ಜಾಗದಲ್ಲಿ, ದಪ್ಪ ಕಪ್ಪು ಗೆರೆ. ಇನ್ನೊಂದು ತೆರೆದೆ. ಅದರಲ್ಲೂ.

"ಫೋನ್ ಮಾಡಿ ಕೇಳಿದ್ನಲ್ಲ ಮೇಡಂ," ಎಂದ ಮುದ್ರಕ ನನಗೆ. "ಕಳಿಸಿದ ಹಾಗೇ ಇರ್ಲಿ, ಒಂದು ಚುಕ್ಕೆನೂ ಮುಟ್ಬೇಡಿ ಅಂದ್ರಿ."

"ಇದು ಅನಾಹುತ," ಎಂದರು ಅಡಿಟಿಪ್ಪಣಿ ಮೇಡಂ. "ಅಂದ್ರೆ, ಒಂದು ಸೀಮಿತ ಅರ್ಥದಲ್ಲಿ."

ಸಂಗಾತಿ ನನ್ನನ್ನು ಮೆಟ್ಟಿಲ ಬಳಿಗೆ ಕರೆದಳು. "ಬೇಕಂತಲೇ ಮಾಡಿದ್ಯಾ?"

"ಇಲ್ವೇ! ನಿನ್ನಾಣೆಗೂ ಮರೆತೆ ಕಣೇ."

"ಮುಚ್ಚಿದ್ದು ಯಾಕೆ ಅಂತ ಬಾಯಿಬಿಟ್ಟು ಹೇಳು ನೋಡೋಣ."

ನಾನು ಸಭಾಂಗಣದೊಳಗೆ ಕೂತಿದ್ದ ಅಮ್ಮನತ್ತ ನೋಡಿದೆ.

"ಹೆಸರು ಹೇಳೋಕೆ ಹೆದರ್ಬೇಡಿ ಅಂತ ಆ ಅಜ್ಜಿಯರಿಗೆ ಆರು ವರ್ಷ ಧೈರ್ಯ ಹೇಳ್ಕೊಂಡು ತಿರುಗಿದ್ದೀನಿ. ಹೀಗೇ ಮುಚ್ಚಿಟ್ಟುಕೊಂಡಿರೋದಾದ್ರೆ ಸಂಜೆ ನಾನು ಆ ಮನೆಗೆ ಬರಲ್ಲ." ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಳು.

ಮುಖ್ಯ ಅತಿಥಿ ಹೆಸರಾಂತ ಮನೋವೈದ್ಯರು. ಪತ್ರಿಕೆ ಬಿಡಿಸಿದವರೇ ಮೈಕಿನ ಮುಂದೆ ಪುಳಕಗೊಂಡರು. "ಈ ಕಪ್ಪು ಗೆರೆ ನೋಡಿ! ಸಮಾಜ ಅಳಿಸಿ ಹಾಕಿದ ಎಲ್ಲ ಹೆಸರುಗಳ ಸಂಕೇತ! ಇಂಥ ಧೈರ್ಯ ನಾನು ಯಾವ ಪತ್ರಿಕೆಯಲ್ಲೂ ಕಂಡಿಲ್ಲ!" ಚಪ್ಪಾಳೆ ಬಿತ್ತು. ಗೆರೆಯ ಬಗ್ಗೆಯೇ ಹದಿನೈದು ನಿಮಿಷ ಮಾತಾಡಿದರು. ಮುಂದಿನ ಸಾಲಿನಲ್ಲಿ ಅಮ್ಮ ಪತ್ರಿಕೆಯ ಪೂರ್ತಿ ಹೆಸರನ್ನು ಬೆರಳಿಟ್ಟು ಓದುತ್ತಿದ್ದಳು. ಓದಿ, ಕನ್ನಡಕ ಒರೆಸಿಕೊಂಡು, ಮತ್ತೆ ಓದಿದಳು.

ಸುಮ್ಮನಿದ್ದರೆ ಧೈರ್ಯವಂತೆ ಎಂಬ ಬಿರುದು ನನಗೆ ಪುಕ್ಕಟೆ ಸಿಗುತ್ತಿತ್ತು. ವಂದನಾರ್ಪಣೆಗೆ ಎದ್ದು ನಿಂತಾಗ, ಹಿಂದಿನ ಸಾಲಿನಲ್ಲಿ ಸಂಗಾತಿ ಚೀಲ ಹೆಗಲಿಗೇರಿಸುತ್ತಿರುವುದು ಕಂಡಿತು. ಬರೆದುಕೊಂಡಿದ್ದ ಹಾಳೆಯನ್ನು ಮಡಿಚಿದೆ.

"ಆ ಗೆರೆ ಸಂಕೇತ ಅಲ್ಲ. ತಪ್ಪು. ಹೆದರಿಕೆಯಿಂದ ನಾನೇ ಮಾಡಿದ್ದು." ಅವಳ ಹೆಸರನ್ನು ಇನಿಷಿಯಲ್ ಸಮೇತ ಪೂರ್ತಿ ಹೇಳಿದೆ. "ಕೊನೆಯ ಪುಟದಲ್ಲಿ ಪರಿಚಯ ಅಂತ ಹಾಕಿದ್ದೀನಿ. ಅದೂ ತಪ್ಪು. ಅವಳು ನನ್ನ ಬಾಳಸಂಗಾತಿ, ಒಂಬತ್ತು ವರ್ಷದಿಂದ. ಎಲ್ಲರಿಗೂ ವಂದನೆಗಳು." ಮೈಕು ಆರಿಸಲು ಮರೆತದ್ದರಿಂದ ಆಮೇಲೆ ನಾನು "ದೇವರೇ" ಎಂದದ್ದೂ ಸಭೆಗೆಲ್ಲ ಕೇಳಿತು.

"ಸಂಕೇತ ಅಂತಲೇ ಬಿಡಬಹುದಿತ್ತು," ಎಂದು ಮನೋವೈದ್ಯರು ಗೊಣಗಿದರು.

ಸಂಗಾತಿ ನೇರ ಮುಂದೆ ಬಂದಳು. ಚೀಲ ಕೆಳಗಿಟ್ಟು, ಅಡಿಟಿಪ್ಪಣಿ ಮೇಡಂ ಕೈಯಿಂದಲೇ ಪೆನ್ನು ತೆಗೆದುಕೊಂಡು, ಮೊದಲ ಪ್ರತಿಯಲ್ಲಿ ಗೆರೆಯ ಮೇಲುಗಡೆ ತನ್ನ ಹೆಸರು ಬರೆದಳು.

"ಕೈಬರಹವನ್ನು ಅಧಿಕೃತ ತಿದ್ದುಪಡಿ ಅಂತ ಪರಿಗಣಿಸಬಹುದೇ ಅನ್ನೋದು..."

"ಮೇಡಂ, ಆ ಕಟ್ಟು ಈ ಕಡೆ ತಳ್ಳಿ."

ಮೇಡಂ ತಳ್ಳಿದರು.

"ನೀನು ಕೊನೆ ಪುಟ ಬರಿ," ಎಂದಳು ನನಗೆ, ತಲೆ ಎತ್ತದೆ. "ಸಣ್ಣಕ್ಷರದಲ್ಲಿ ಬೇಡ."

ನಲವತ್ತನೆಯ ಪ್ರತಿಗೆ ಬಂದಿದ್ದೆವೇನೋ, ಅಮ್ಮ ಎದುರಿಗೆ ಬಂದು ನಿಂತಳು. ಮುಖ ಕೆಂಪಗಿತ್ತು. "ನಿನಗೆ ಮನೇಲಿ ಇದೆ," ಎಂದಳು ನನಗೆ. ಅದು ಗೊತ್ತಿದ್ದದ್ದೇ. ಆಮೇಲೆ ಸಂಗಾತಿಯತ್ತ ತಿರುಗಿದಳು. ಇಷ್ಟು ವರ್ಷ ಅವಳನ್ನು ಅಮ್ಮ 'ಬನ್ನಿ, ಕೂತ್ಕೊಳ್ಳಿ' ಎಂದು ನೆಂಟರಂತೆ ಉಪಚರಿಸಿದ್ದೇ ಹೊರತು ಒಂದು ಬಿರುನುಡಿ ಆಡಿರಲಿಲ್ಲ.

"ನೀನೂ ಏನು ಕಮ್ಮಿ ಇಲ್ಲ ಕಣೇ! ಇವಳು ಪುಕ್ಕಲಿ ಸರಿ, ನಿನಗಾದ್ರೂ ಬಾಯಿ ಇರ್ಲಿಲ್ವಾ? ಇದೆಲ್ಲ ತಲೆಗೆ ಹೋಗೋಕೆ ನನಗೆ ಟೈಮ್ ಬೇಕು. ಅಲ್ಲೀತನಕ ಇಬ್ರನ್ನೂ ಬೈತಾನೇ ಇರ್ತೀನಿ, ಹೇಳಿದ್ದೀನಿ."

"ಬೈಯಿರಿ ಅಮ್ಮ," ಎಂದಳು ಅವಳು. ಇನ್ನೊಂದು ಪ್ರತಿ ಎಳೆದುಕೊಂಡು ಹೆಸರು ಬರೆದಳು.

ಮನೆ ಮುಟ್ಟುವವರೆಗೂ ಅಮ್ಮ ಕಾಯಲಿಲ್ಲ. ಕುರ್ಚಿ ಎಳೆದುಕೊಂಡು, ಮಸಿ ಒಣಗಿದ ಪ್ರತಿಗಳನ್ನು ಒಂದರ ಮೇಲೊಂದು ಜೋಡಿಸುತ್ತ ಅಲ್ಲೇ ಶುರುಮಾಡಿದಳು: ಒಂದು ಬೈಗುಳ ನನಗೆ, ಒಂದು ಅವಳಿಗೆ.