ಟೈಲರಣ್ಣ ಬಚ್ಚಿಟ್ಟ ಕಾಲು

ಅಟ್ಟದ ಮೇಲಿನ ಬಟ್ಟೆಯ ಥಾನು ಇಳಿಸಲು ಹೋಗಿ ಸ್ಟೂಲಿನಿಂದ ಬಿದ್ದ ಟೈಲರಣ್ಣನ ಬಲಗಾಲಿಗೆ ಪ್ಲಾಸ್ಟರ್ ಹಾಕಿ ಮೂರು ವಾರವಾಗಿತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ ಮನುಷ್ಯ. ಎಡಗಾಲೊಂದರಲ್ಲೇ ಮೆಷಿನ್ ತುಳಿಯುತ್ತಿದ್ದ.

ಆದರೆ ದೂರದೂರಿನಿಂದ ಅಕ್ಕನ ಫೋನ್ ಬಂದಾಗ ಜಂಬವೆಲ್ಲ ಇಳಿದುಹೋಯಿತು. ಶುಕ್ರವಾರ ಬೆಳಿಗ್ಗೆ ಅವಳಿಗೆ ಹೃದಯದ ಆಪರೇಷನ್. "ನಿನ್ನ ಮುಖ ನೋಡದೆ ನಾನು ಒಳಗೆ ಹೋಗಲ್ಲ ಕಣೋ" ಎಂದು ಹಟ ಹಿಡಿದಿದ್ದಳು. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ ಅಕ್ಕ. ರೈಲಿಗೆ ಎರಡು ದಿನ ಬೇಕು, ವಿಮಾನಕ್ಕೆ ಎರಡೇ ಗಂಟೆ. ಹೆಂಡತಿ ಗುರುವಾರಕ್ಕೆ ಇಬ್ಬರ ಟಿಕೆಟ್ ಮಾಡಿಸಿದಳು.

ಭಾನುವಾರ ಪಕ್ಕದ ಮನೆ ನರ್ಸಮ್ಮ ತನ್ನ ಯೂನಿಫಾರ್ಮ್ ಕೇಳಲು ಬಂದಾಗ ಟೈಲರಣ್ಣ ಒಂದು ವಿಚಿತ್ರ ಪ್ಯಾಂಟು ಹೊಲಿಯುತ್ತಿದ್ದ. ಅದರ ಒಂದು ಕಾಲೊಳಗೆ ಇಬ್ಬರು ಹಾಯಾಗಿ ನಿಲ್ಲಬಹುದಿತ್ತು.

"ಇದೇನಣ್ಣ, ಆನೆಗೆ ಅಳತೆ ತಗೊಂಡಿದ್ದೀರಾ?"

"ಪ್ಲಾಸ್ಟರ್ ಮುಚ್ಚೋಕಂತೆ!" ಎಂದಳು ಹೆಂಡತಿ ಒಳಗಿನಿಂದ. "ವಿಮಾನದವರು ನೋಡಿದ್ರೆ ಹತ್ತಿಸಿಕೊಳ್ಳಲ್ವಂತೆ. ಇವರ ತಲೆಗೆ ಯಾರು ಬುದ್ಧಿ ಹೇಳ್ತಾರೆ?"

ನರ್ಸಮ್ಮ ಸ್ಟೂಲು ಎಳೆದುಕೊಂಡು ಕೂತಳು. "ಮುಚ್ಚಿಟ್ಕೊಂಡು ಹೋದ್ರೆ ತಪಾಸಣೆಯವರಿಗೆ ಅನುಮಾನ ಬರಲ್ವಾ? ವಿಮಾನದವರಿಗೆ ಮೊದಲೇ ಹೇಳಿ. ಗಾಲಿಕುರ್ಚಿ ತಂದು ಬಾಗಿಲಿಂದ ಸೀಟಿನವರೆಗೂ ಕರ್ಕೊಂಡು ಹೋಗ್ತಾರೆ. ಇಳಿದ ಊರಲ್ಲೂ ಅಷ್ಟೇ."

"ಅದಕ್ಕೆ ಎಷ್ಟು ಕೀಳ್ತಾರೋ!" ಎಂದ ಟೈಲರಣ್ಣ.

"ಹೆಚ್ಚಿನ ಕಡೆ ಪುಕ್ಕಟೆ. ಬೇಕಾದ್ರೆ ಕೇಳಿಕೊಳ್ಳಿ."

"ಗಾಲಿಕುರ್ಚೀಲಿ ಕೂತ್ರೆ ನೋಡಿದವರು ಏನಂದ್ಕೊಳ್ತಾರೆ ತಂಗಿ?"

"ಕಾಲು ಮುರಿದಿದೆ ಅಂದ್ಕೊಳ್ತಾರೆ. ನಿಜಾನೇ ತಾನೆ? ಅತ್ತರೆ ತಾನೆ ಅಮ್ಮನೂ ಹಾಲು ಕೊಡೋದು! ಕೇಳಿ ಅಣ್ಣ."

ಅವಳೇ ವಿಮಾನ ಕಂಪನಿಯ ನಂಬರು ಒತ್ತಿ, ಸ್ಪೀಕರ್ ಹಾಕಿ ಕೊಟ್ಟಳು. ಅತ್ತ ಕಡೆಯ ಹುಡುಗಿ ಕೇಳಿದಳು: "ಮೆಟ್ಟಿಲು ಹತ್ತೋಕಾಗುತ್ತಾ ಸರ್?"

"ಓಹೋ, ಧಾರಾಳವಾಗಿ!" ಎಂದುಬಿಟ್ಟ ಟೈಲರಣ್ಣ.

ಹೆಂಡತಿ ಫೋನ್ ಕಿತ್ತುಕೊಂಡಳು. "ಇಲ್ಲಮ್ಮ, ನಮ್ಮನೆ ಹೊಸಿಲು ದಾಟೋಕೆ ನನ್ನ ಹೆಗಲು ಬೇಕು ಇವರಿಗೆ. ಒಂದು ಮೆಟ್ಟಿಲೂ ಆಗಲ್ಲ, ಹಾಗೇ ಬರ್ಕೋ."

"ಒಳ್ಳೇದಾಯ್ತು, ನಿಜ ಹೇಳಿದ್ರಿ," ಎಂದಳು ಆ ಹುಡುಗಿ. ಪ್ಲಾಸ್ಟರ್ ಹಾಕಿ ಎಷ್ಟು ದಿನವಾಯಿತೆಂದು ಕೇಳಿ, ಡಾಕ್ಟರ ಚೀಟಿ ತರಲು ಹೇಳಿದಳು. ಸ್ವಲ್ಪ ಬೇಗನೇ ಬರಬೇಕೆಂದಳು. ನೆರವಿಗೆ ದುಡ್ಡು ಕೊಡಬೇಕಿಲ್ಲವೆಂದೂ ಹೇಳಿದಳು. ಟೈಲರಣ್ಣ ಆ ಆನೆ ಪ್ಯಾಂಟನ್ನು ಮಡಿಚಿಟ್ಟು, ಮುಖ ಊದಿಸಿಕೊಂಡೇ ಡಾಕ್ಟರ ಹತ್ತಿರ ಹೋಗಿ ಚೀಟಿ ಬರೆಸಿಕೊಂಡು ಬಂದ.

ಗುರುವಾರ ವಿಮಾನ ನಿಲ್ದಾಣದ ಬಾಗಿಲಲ್ಲಿ ನೀಲಿ ಅಂಗಿಯ ಹೆಂಗಸೊಬ್ಬಳು ಗಾಲಿಕುರ್ಚಿ ಹಿಡಿದು ಬಂದಳು. "ಕಾಲು ಇಲ್ಲಿ ಚಾಚಿಕೊಳ್ಳಿ ಅಪ್ಪಾಜಿ" ಎಂದಳು. ಉದ್ದನೆಯ ಸಾಲುಗಳು, ಮುಗಿಯದ ಹಾದಿ, ಎಲ್ಲೂ ಅವನು ಕುಂಟಬೇಕಾಗಲಿಲ್ಲ. ಯಾರೂ ತಿರುಗಿ ನೋಡಲೂ ಇಲ್ಲ. ಎಲ್ಲರಿಗೂ ಅವರವರ ಪೆಟ್ಟಿಗೆಯದೇ ಚಿಂತೆ. ಕೊನೆಗೆ ಕುರ್ಚಿ ವಿಮಾನದ ಪಕ್ಕ ನಿಂತಾಗ ಅವನು ತಲೆಯೆತ್ತಿ ನೋಡಿದ. ಕಡಿದಾದ ಇಪ್ಪತ್ತು ಮೆಟ್ಟಿಲು. "ಇದನ್ನ ಹೇಗಮ್ಮ ಹತ್ತೋದು?" ಎಂದ.

"ಅದು ನಿಮಗಲ್ಲ" ಎಂದು ಆಕೆ ಅವನನ್ನು ಒಂದು ಗಾಡಿಯೊಳಗೆ ತಳ್ಳಿಕೊಂಡು ಹೋದಳು. ಗಾಡಿಯ ಕೋಣೆಯೇ ಮೆಲ್ಲಗೆ ಮೇಲೆದ್ದು ವಿಮಾನದ ಬಾಗಿಲಿಗೆ ಸರಿಯಾಗಿ ನಿಂತಿತು.

"ಧಾರಾಳವಾಗಿ ಹತ್ತಿಬಿಡ್ತಿದ್ರಿ, ಅಲ್ವಾ?" ಎಂದಳು ಹೆಂಡತಿ. ಟೈಲರಣ್ಣ ನಕ್ಕುಬಿಟ್ಟ. ಎಷ್ಟೋ ದಿನಗಳ ಮೇಲೆ ಅವನ ಎದೆ ಹಗುರಾಗಿತ್ತು.

ಸಂಜೆ ಐದಕ್ಕೆಲ್ಲ ಅವನು ಆಸ್ಪತ್ರೆಯಲ್ಲಿ ಅಕ್ಕನ ಮಂಚದ ಪಕ್ಕದಲ್ಲಿದ್ದ. ಅವಳು ಅವನ ಕೆನ್ನೆ ಸವರಿ, ಪ್ಲಾಸ್ಟರಿನ ಮೇಲೆ ಕೈಯಿಟ್ಟು ಕೇಳಿದಳು: "ಈ ಕಾಲಲ್ಲಿ ಹೇಗೋ ಬಂದೆ?"

"ಬಾಯಿಬಿಟ್ಟು ಕೇಳಿದೆ ಅಕ್ಕ, ಕರ್ಕೊಂಡು ಬಂದ್ರು."

ಮರುದಿನ ಬೆಳಿಗ್ಗೆ ಅಕ್ಕ ಅವನ ಮುಖ ನೋಡುತ್ತಲೇ ಆಪರೇಷನ್ ಕೋಣೆಗೆ ಹೋದಳು. ಮಧ್ಯಾಹ್ನ ಡಾಕ್ಟರು ಹೊರಗೆ ಬಂದು, "ಚೆನ್ನಾಗಾಯ್ತು" ಎಂದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕಾಲುನೋವಿನವರು, ಅಂಗವಿಕಲರು, ನಡೆಯಲಾರದ ಹಿರಿಯರು ಇದ್ದಾರಲ್ಲವೇ? ಅವರಾಗಲಿ ನೀವಾಗಲಿ ವಿಮಾನದಲ್ಲಿ ಹೋಗುವುದಿದ್ದರೆ ಟಿಕೆಟ್ ಮಾಡಿಸುವಾಗಲೇ ನೆರವು ಬೇಕೆಂದು ಹೇಳಿ. ಆಗ ಮರೆತಿದ್ದರೆ ಹೊರಡುವ ಎರಡು ದಿನ ಮೊದಲಾದರೂ ಫೋನ್ ಮಾಡಿ. ಎಷ್ಟು ನಡೆಯಬಲ್ಲಿರಿ, ಮೆಟ್ಟಿಲು ಹತ್ತಬಲ್ಲಿರಾ ಎಂಬುದನ್ನು ಇದ್ದದ್ದು ಇದ್ದಂತೆ ತಿಳಿಸಿ. ಕೇಳಲು ನಾಚಬೇಡಿ. ನಿಮಗಾಗಿ ಕಾಯುತ್ತಿರುವವರಿಗೆ ಬೇಕಾದದ್ದು ನೀವು ಬಂದು ಸೇರುವುದು.