ಯಾರಿಗೂ ಬೇಡದ ಬೂದು ಕಲ್ಲು

ನಮ್ಮ ಮನೆಯಲ್ಲಿ ‘ನನಗೆ ಇದು ಬೇಕು’ ಎಂದು ಬಾಯಿಬಿಟ್ಟು ಹೇಳುವ ಪದ್ಧತಿಯೇ ಇಲ್ಲ. ತಟ್ಟೆಯಲ್ಲಿ ಕೊನೆಯ ಹಣ್ಣಿನ ಹೋಳು ಉಳಿದರೆ ಅತ್ತೆ ಅದನ್ನು ನನ್ನ ಕಡೆ ತಳ್ಳುತ್ತಾರೆ, ನಾನು ಗಂಡನ ಕಡೆ, ಅವರು ಅವರಮ್ಮನ ಕಡೆ. ಕೊನೆಗೆ ಹೋಳು ಒಣಗಿ ಕಸದ ಬುಟ್ಟಿ ಸೇರುತ್ತದೆ. ನಡುಮನೆಯ ಗೋಡೆಗೆ ಕೆಸರಿನಂಥ ಗುಲಾಬಿ ಬಣ್ಣ ಬಂದದ್ದೂ ಹೀಗೆಯೇ. ಅತ್ತೆಗೆ ಇಷ್ಟವಿರಬೇಕೆಂದು ನಾನು ಒಪ್ಪಿದೆ, ನನಗೆ ಇಷ್ಟವಿರಬೇಕೆಂದು ಅತ್ತೆ ಒಪ್ಪಿದರು, ಹೆಂಗಸರಿಬ್ಬರೂ ಒಪ್ಪಿದ ಮೇಲೆ ನಂದೇನು ಎಂದು ಗಂಡ ತಲೆಯಾಡಿಸಿದರು. ಈಗ ಮೂವರೂ ಅದರ ಮಧ್ಯೆ ಕೂತು ಟಿ.ವಿ. ನೋಡುತ್ತೇವೆ.

ಅಂಗಡಿಯಲ್ಲಿ ನಾನು ಹೀಗಲ್ಲ. ಕನ್ನಡಕ ಮಾರುವವಳು ನಾನು. ‘ಈ ಫ್ರೇಮು ನಿಮಗೆ ಒಪ್ಪೋದಿಲ್ಲ’ ಎಂದು ಗಿರಾಕಿಗೆ ಮುಖದ ಮೇಲೆ ಹೊಡೆದಂತೆ ಹೇಳುತ್ತೇನೆ. ಮನೆ ಹೊಸ್ತಿಲು ದಾಟಿದೆನೋ, ಬಾಯಿಗೆ ಬೀಗ. ಅಡುಗೆಮನೆಯನ್ನು ಒಡೆದು ಹೊಸದಾಗಿ ಕಟ್ಟಿಸುವುದೆಂದಾಗ ಮಾತ್ರ ಗಟ್ಟಿಮನಸ್ಸು ಮಾಡಿದೆ. ಈ ಸಲ ಕಟ್ಟೆಯ ಕಲ್ಲನ್ನು ನಾನೇ ಆರಿಸಬೇಕು, ಬೇಕು ಅಂತ ಬಾಯಿಬಿಟ್ಟು ಕೇಳಬೇಕು. ಬಣ್ಣವಾದರೆ ಕೆರೆದು ಬೇರೆ ಬಳಿಯಬಹುದು. ಕಲ್ಲು ಹಾಗಲ್ಲ, ಒಮ್ಮೆ ಕೂರಿಸಿದರೆ ಜನ್ಮಕ್ಕಂಟಿತು.

ಮೂವರೂ ಹೋದ ಕಲ್ಲಿನಂಗಡಿಯ ಅಂಗಳದಲ್ಲಿ ಆಳೆತ್ತರದ ಕಲ್ಲುಹಲಗೆಗಳು ಸಾಲಾಗಿ ಒರಗಿ ನಿಂತಿದ್ದವು. ಕಲ್ಲು ಕೊಯ್ಯುವವನು ಬಣ್ಣ ಎದ್ದು ಕಾಣಲಿ ಎಂದು ಒಂದೊಂದರ ಮೇಲೂ ಚೊಂಬಿನಿಂದ ನೀರು ಸುರಿಯುತ್ತ ಹೋದ. ಮೂರನೆಯ ಸಾಲಿನಲ್ಲಿ ನನ್ನ ಕಾಲು ನಿಂತುಬಿಟ್ಟಿತು. ಕಡುಹಸಿರು ಕಲ್ಲು, ಅದರ ತುಂಬ ದಾಳಿಂಬೆ ಕಾಳು ಚೆಲ್ಲಿದಂತೆ ಕೆಂಪು ಚುಕ್ಕೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಗಂಡನನ್ನು ಮೊದಲ ಸಲ ನೋಡಿದಾಗಲೂ ನನಗೆ ಹೀಗೆ ಆಗಿರಲಿಲ್ಲ.

“ಹೇಗಿದೆ ಅತ್ತೆ?” ಎಂದೆ. ಬೇಕು ಅನ್ನಲು ಹೊರಟ ಬಾಯಿಂದ ಬಂದದ್ದು ಅಷ್ಟೇ.

“ನಿನಗೆ ಹೇಗನ್ಸುತ್ತೋ ಹಾಗೆ.”

“ನನಗೇನು ಅತ್ತೆ, ನಿಮಗೆ ಒಪ್ಪಿಗೆಯಾದ್ರೆ ಸಾಕು.”

ಮುಗಿಯಿತು ಕಥೆ. ಇಬ್ಬರೂ ನಗುನಗುತ್ತ ಮುಂದೆ ಸರಿದೆವು. ಕೊನೆಗೆ ಮೂಲೆಯಲ್ಲಿದ್ದ ಒಂದು ಬೂದು ಕಲ್ಲಿನ ಮುಂದೆ ಬಂದು ನಿಂತೆವು. “ಕೊಳೆ ಕಾಣೋದಿಲ್ಲ” ಎಂದರು ಅತ್ತೆ. “ಕಣ್ಣು ಕುಕ್ಕೋದಿಲ್ಲ” ಎಂದೆ ನಾನು. “ಎಲ್ಲದಕ್ಕೂ ಹೊಂದುತ್ತೆ” ಎಂದರು ಗಂಡ. ಹೆಣ್ಣಿಗೆ ರೂಪವಿಲ್ಲದಿದ್ದರೆ ಗುಣವಂತೆ ಅನ್ನುತ್ತಾರಲ್ಲ, ಆ ಜಾತಿಯ ಹೊಗಳಿಕೆ. ಕೊಯ್ಯುವವನು ಅದನ್ನು ಮಲಗಿಸಿ, ಸೀಮೆಸುಣ್ಣದಿಂದ ಗೆರೆ ಎಳೆದು, ಗರಗಸದ ಗುಂಡಿ ಒತ್ತಿದ. ಅದು ಕಿರ್ರೆಂದಿತು.

“ನಿಲ್ಸೀ!”

ಯಾರಪ್ಪಾ ಕಿರುಚಿದ್ದು ಎಂದು ನೋಡಿದರೆ ನಾನೇ. ಗರಗಸ ನಿಂತಿತು. ಮೂರನೆಯ ಸಾಲಿನತ್ತ ಬೆರಳು ಚಾಚಿದೆ. “ನನಗೆ ಆ ಹಸಿರು ಕಲ್ಲು ಬೇಕು. ನನಗೆ ಬೇಕು.”

ಅತ್ತೆ ನನ್ನನ್ನು ನೋಡಿದರು, ಹಸಿರು ಕಲ್ಲನ್ನು ನೋಡಿದರು. “ಅದಾ? ಥೂ! ನೋಡಿದ್ರೆ ತಲೆ ತಿರುಗುತ್ತೆ.”

ಅತ್ತೆಯ ಬಾಯಲ್ಲಿ ‘ಥೂ’ ಕೇಳಿದ್ದು ಅದೇ ಮೊದಲು. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. “ಹಾಗಾದ್ರೆ ಈ ಬೂದು?” ಎಂದೆ.

“ಅದಕ್ಕಿಂತ ಥೂ! ನಿನಗಿಷ್ಟ ಅಂತ ಸುಮ್ಮನಿದ್ದೆ ಕಣೇ.”

“ಅಯ್ಯೋ, ನಿಮಗಿಷ್ಟ ಅಂತ ನಾನು ಸುಮ್ಮನಿದ್ದೆ!”

“ಮತ್ತೆ ಆ ಗೋಡೆ ಬಣ್ಣ?”

“ಥೂ!” ಎಂದೆವು ಇಬ್ಬರೂ ಒಟ್ಟಿಗೆ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆ ಒಂದು ಹಲಗೆಗೆ ಒರಗಲು ಹೋಗಿ ಬೆನ್ನೆಲ್ಲ ಒದ್ದೆ ಮಾಡಿಕೊಂಡರು, ಅದಕ್ಕೆ ಇನ್ನಷ್ಟು ನಕ್ಕೆವು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಈ ಹೆಂಗಸಿನ ಪರಿಚಯ ನನಗೆ ಆ ದಿನವೇ ಆದದ್ದು.

“ನಿನ್ನ ಹಸಿರೇ ತಗೋ” ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

“ನಿಮಗೆ ತಲೆ ತಿರುಗುತ್ತಲ್ಲ?”

“ನೋಡಿದ್ರೆ ತಾನೆ ತಿರುಗೋದು? ನಾನಿನ್ನು ಅಡುಗೆಮನೆಗೆ ಕಾಲಿಡಲ್ಲ. ಮದುವೆಯಾದಾಗಿನಿಂದ ನನಗೆ ಅಡುಗೆ ಅಂದ್ರೆ ಆಗಲ್ಲ.”

“ಅಮ್ಮಾ!” ಎಂದರು ಗಂಡ. “ಅಡುಗೆ ಅಂದ್ರೆ ನಿನಗೆ ಪ್ರಾಣ ಅಲ್ವಾ?”

“ಯಾರೋ ಹೇಳಿದ್ದು ನಿನಗೆ? ಒಂದು ದಿನಾನಾದ್ರೂ ಕೇಳಿದ್ದೀಯಾ?”

ಕೇಳದವರಲ್ಲಿ ನಾನೂ ಒಬ್ಬಳು. ಆದರೆ ಅತ್ತೆಯ ಮುಖ ಹೊರೆ ಇಳಿಸಿದವರ ಮುಖದ ಹಾಗೆ ಅರಳಿತ್ತು.

ಹಸಿರು ಕಲ್ಲನ್ನು ಮಲಗಿಸಿದ್ದಾಯಿತು. ಕೊಯ್ಯುವವನು ಅಳತೆ ಟೇಪು ಎಳೆದು ಕೇಳಿದ, “ಕಟ್ಟೆ ಹೊರೋ ಕಾಲುಕಲ್ಲನ್ನೂ ಈಗಲೇ ಕೊಯ್ದುಬಿಡ್ತೀನಿ. ಎತ್ತರ ಯಾರಿಗೆ ಹೊಂದಬೇಕು? ಅಡುಗೆ ಮಾಡೋರು ಇಲ್ಲಿ ಬಂದು ನಿಂತ್ಕೊಳ್ಳಿ.”

ಗಂಡ ನನ್ನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದೆ ತಳ್ಳಿದರು.

“ನಾನು ಕಲ್ಲು ಬೇಕು ಅಂದೆ, ಅಡುಗೆ ಬೇಕು ಅಂದೆನಾ?” ಎಂದೆ. ಒಮ್ಮೆ ರುಚಿ ಹತ್ತಿದ ನಾಲಿಗೆ, ಸುಮ್ಮನಿರುತ್ತದೆಯೇ? “ನಾನು ಅಂಗಡಿ ಮುಚ್ಚಿ ಬರೋ ಹೊತ್ತಿಗೆ ನೀವು ಮನೇಲಿ ಕಾಲು ಚಾಚಿ ಕೂತಿರ್ತೀರಿ.”

ಟೇಪು ಹಿಡಿದವನು ನಮ್ಮಿಬ್ಬರ ಮುಖ ನೋಡಿದ. ಅತ್ತೆ ಮಗನ ಮೊಣಕೈ ಹಿಡಿದು ಕರೆತಂದು ಅವನ ಮುಂದೆ ನಿಲ್ಲಿಸಿದರು.

“ಬೆನ್ನು ಬಗ್ಗಿಸ್ಬೇಡ, ನೆಟ್ಟಗೆ ನಿಂತ್ಕೋ” ಎಂದರು. “ಅಳತೆ ತಪ್ಪಿದ್ರೆ ನಾಳೆ ಸೊಂಟ ನೋಯೋದು ನಿಂದೇ.”